ಪರದೇಶಿ ಅಲ್ಲದವಳು

ಜಲಜಾಕ್ಷಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ದೋಸೆ ಕಾವಲಿಗೆ. ಅವತ್ತು ಬೆಳಿಗ್ಗೆ ಅವಳು ಅದರ ಮೇಲೆ ನೀರು ಹೊಡೆದ ರಭಸಕ್ಕೆ ಗಂಡ ಮಧ್ವರಾಜ ಹಿಂದೆ ಸರಿದು, "ಇವತ್ತು ಯಾರ ಗ್ರಹಚಾರ ಮಾರಾಯ್ತಿ?" ಎಂದ. ಅವಳು ಹಿಟ್ಟು ಹುಯ್ದಳು. ಉತ್ತರ ಕೊಟ್ಟಿದ್ದರೆ ಅದು ಅವನ ಗ್ರಹಚಾರವೇ ಆಗುತ್ತಿತ್ತು.

ತಿರುವಲ್ಲಿಕ್ಕೇಣಿಯಲ್ಲಿ ಅವರದೊಂದು ಊಟದ ಮೆಸ್ಸು. ಹದಿನಾರಕ್ಕೆ ಮದುವೆಯಾಗಿ ಉಡುಪಿ ಕಡೆಯಿಂದ ಮದರಾಸಿಗೆ ಬಂದವಳಿಗೆ ಈಗ ನಲವತ್ತರ ಹತ್ತಿರ. ಬಂದವಳು ಅನ್ನುವುದೂ ತಪ್ಪೇ. ಅಪ್ಪ ಕಳಿಸಿದ, ಗಂಡ ಕರಕೊಂಡು ಬಂದ. ಹೋಗ್ತೀಯಾ ಅಂತ ಜೊತೆಗಿದ್ದ ಟ್ರಂಕನ್ನು ಯಾರೂ ಕೇಳಲಿಲ್ಲ, ಅವಳನ್ನೂ ಕೇಳಲಿಲ್ಲ.

ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಅವಳು ಮಹಿಳಾ ಸಮಾಜದ ದೊಡ್ಡವರ ಶಾಲೆಗೆ ಹೋಗುತ್ತಿದ್ದಳು. ಅಲ್ಲಿಯ ಟೀಚರು ಕೌಸಲ್ಯಾ ಒಂದು ದಿನ ಸುದ್ದಿ ತಂದರು. ಸಿಲೋನಿನ ಕ್ಯಾಂಡಿಯಲ್ಲಿ ಎರಡು ವಾರದ ಓದು, ವಯಸ್ಸಾದ ಮೇಲೆ ಶಾಲೆ ಸೇರಿದವರಿಗೇ ಅಂತ ಇಟ್ಟದ್ದು. ವಿಷಯ ವಲಸೆ. ಊರು ಬಿಟ್ಟವರು ಯಾಕೆ ಬಿಟ್ಟರು, ಹೋದಲ್ಲಿ ಏನಾದರು ಅಂತ. ಹೋಗುವವರು ತಾವೇ ಊರು ಬಿಟ್ಟು ಬಂದವರಾಗಿರಬೇಕು, ತಮ್ಮ ಕಥೆ ಅಲ್ಲಿ ಹೇಳಬೇಕು. ತಮಿಳಿನಲ್ಲಿ ಹೇಳಿದರೂ ನಡೆಯುತ್ತದೆ. ಸಮಾಜಕ್ಕೆ ಸಿಕ್ಕದ್ದು ಒಂದೇ ಸೀಟು.

"ಇದು ನಿಮಗೇ ಜಲಜಾಕ್ಷಮ್ಮ," ಎಂದರು ಕೌಸಲ್ಯಾ. ಅಂದಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಗ್ಮೋರಿನಲ್ಲಿ ರೈಲು, ಧನುಷ್ಕೋಟಿಯಲ್ಲಿ ಹಡಗು. ಕಳಿಸಿದ್ದಕ್ಕೆ ಹೋಗುವುದಲ್ಲ, ಜನ್ಮದಲ್ಲಿ ಒಮ್ಮೆ ತಾನಾಗಿ ಹೊರಡುವುದು. ಆ ಆಸೆ ಎಷ್ಟೆಂದರೆ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ದಿನಾ ಮರೆಯುತ್ತಿದ್ದಳು.

ಸಂದರ್ಶನಕ್ಕೆ ಕೂತವರು ಸಮಾಜದ ಹಿರಿಯರು, ತಿರುಮಲ ರಾಯರು. ತಲೆತಲಾಂತರದಿಂದ ಮೈಲಾಪುರದಲ್ಲೇ ಇದ್ದ ಮನೆತನ. ಅವರ ಕನ್ನಡ ದೇವರ ಮನೆ ಮತ್ತು ಅಡುಗೆ ಮನೆ ದಾಟಿ ಹೊರಗೆ ಬಂದದ್ದಲ್ಲ. ಕೈಯಲ್ಲಿದ್ದ ಇಂಗ್ಲಿಷ್ ಕಾಗದದಲ್ಲಿ ವಲಸಿಗರು ಅನ್ನುವ ಅರ್ಥದ ಮಾತಿಗೆ ಕನ್ನಡ ಹುಡುಕಿದರು, ಸಿಗಲಿಲ್ಲ. ಓದಿದ್ದ ಸಂಸ್ಕೃತ ಕೈ ಹಿಡಿಯಿತು. ಪರದೇಶದಿಂದ ಬಂದವರು ಪರದೇಶಿ, ಅಷ್ಟೇ ತಾನೆ?

"ಏನಮ್ಮಾ, ನೀವು ಪರದೇಶಿಗಳೋ?" ಎಂದು ಕೇಳಿಬಿಟ್ಟರು ಪುಣ್ಯಾತ್ಮರು.

ಪರದೇಶಿ ಅಂದರೆ ಹಿಂದಿಲ್ಲ ಮುಂದಿಲ್ಲದ ದಿಕ್ಕೇಡಿ. ಬೀದಿಯ ತಮಿಳಲ್ಲೂ ಅದು ಬೈಗುಳವೇ. ಜಲಜಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. "ನಾನ್ಯಾಕೆ ಪರದೇಶಿ? ಗಂಡ ಇದ್ದಾರೆ, ಮನೆ ಉಂಟು, ಊರಲ್ಲಿ ಅಣ್ಣಂದಿರು ಇದ್ದಾರೆ. ನಾಗಬನದಲ್ಲಿ ನಮ್ಮ ಹೆಸರಲ್ಲೇ ಇವತ್ತಿಗೂ ತಂಬಿಲದ ಪೂಜೆ ನಡೀತದೆ. ಪರದೇಶಿ ನಾನಲ್ಲ," ಎಂದಳು. ರಾಯರು ತಲೆಯಾಡಿಸಿ ಏನೋ ಬರೆದುಕೊಂಡರು.

ಬರೆದುಕೊಂಡದ್ದು ಏನು ಅನ್ನುವುದು ಆ ದೋಸೆ ಬೆಳಗಿನ ಹಿಂದಿನ ದಿನ ಕೌಸಲ್ಯಾ ಹೇಳಿ ಗೊತ್ತಾಯಿತು. ಈಕೆ ವಲಸೆ ಬಂದವಳಲ್ಲ, ತಾನೇ ಹೇಳಿದ್ದಾಳೆ ಅಂತ. ಸೀಟು ಸಿಕ್ಕಿದ್ದು ರಾಯರ ತಮ್ಮನ ಮಗಳು ಜಯಲಕ್ಷ್ಮೀಗೆ. ಕಾಲೇಜು ಮುಗಿಸಿದ ಹುಡುಗಿ. ಹೋದ ತಿಂಗಳು ಸಮಾಜದ ಹೊಲಿಗೆ ತರಗತಿಗೆ ಸೇರಿದ್ದಳಂತೆ, ಹಾಗಾಗಿ ಅವಳೂ ದೊಡ್ಡವರ ಶಾಲೆಯವಳೇ. ಅಬ್ಬಾ, ಲೆಕ್ಕವೇ!

ಕಾವಲಿ ಮೇಲೆ ಸಿಟ್ಟು ತೀರಿಸಿದ ದಿನ ಊಟದ ಹೊತ್ತು ಕಳೆದದ್ದೇ ಜಲಜಾಕ್ಷಿ ಮೈಲಾಪುರಕ್ಕೆ ಹೊರಟಳು. ಬಿಸಿಲು ನೆತ್ತಿ ಸುಡುತ್ತಿತ್ತು. ಅವಳ ತಲೆ ಅದಕ್ಕಿಂತ ಮೊದಲೇ ಕಾದಿತ್ತು.

ರಾಯರು ಜಗಲಿಯಲ್ಲೇ ಇದ್ದರು. ಕೂರಿಸಿದರು, ಕಾಫಿ ತರಿಸಿದರು. ಅವಳು ಲೋಟ ಮುಟ್ಟಲಿಲ್ಲ.

"ನಾನು ಆ ಮಾತನ್ನು ಬೈಗುಳ ಅಂತ ತಿಳಿದೆ ರಾಯರೇ. ನೀವು ವಲಸೆ ಅಂದಿದ್ದರೆ ಹೌದು ಅಂತಿದ್ದೆ. ತಪ್ಪು ನಿಮ್ಮ ಮಾತಿಂದು, ಸೀಟು ಹೋದದ್ದು ನಂದು. ಇದು ಯಾವ ನ್ಯಾಯ?"

"ಛೇ ಛೇ, ಕೋಪ ಬೇಡಮ್ಮಾ. ಹೆಸರು ಆಗಲೇ ಹೋಗಿಬಿಟ್ಟಿತು. ನೀವಾದರೂ ವರ್ಷಾವರ್ಷ ಊರಿಗೆ ಹೋಗಿ ಬರೋರು. ನಮ್ಮ ಮೂಲಪುರುಷರು ವಿಜಯನಗರ ಬಿದ್ದಾಗ ಬಂದವರು, ತಿರುಗಿ ನೋಡಲಿಲ್ಲ. ವಲಸೆ ಅಂದರೆ ಅದು. ಮುಂದಿನ ವರ್ಷ ನಿಮಗೆ ನೋಡೋಣ."

"ಈ ವರ್ಷ ತಮ್ಮನ ಮಗಳು, ಮುಂದಿನ ವರ್ಷಕ್ಕೆ ನಿಮ್ಮ ಸೊಸೆ ಇದ್ದಾರಲ್ಲ," ಎಂದಳು ಜಲಜಾಕ್ಷಿ.

ರಾಯರು ನಕ್ಕರು. ನಗಬಾರದಿತ್ತು. ಒಳಗಿನಿಂದ ಜಯಲಕ್ಷ್ಮೀಯನ್ನು ಕರೆದು ಎದುರಿಗೆ ಕೂರಿಸಿದರು. ಹುಡುಗಿ ಕಾಗದ, ಪೆನ್ನು ಹಿಡಿದೇ ಬಂದಿದ್ದಳು. ರಾಯರು ಹೇಳಿದರು: "ಬಂದದ್ದು ಒಳ್ಳೇದೇ ಆಯಿತು. ಇವಳಿಗೆ ಅಲ್ಲಿ ಹೇಳೋಕೆ ಒಂದು ಕಥೆ ಬೇಕು. ವಿಜಯನಗರದ್ದು ಇವಳಿಗೇನು ನೆನಪು? ನೀವು ಮದರಾಸಿಗೆ ಬಂದದ್ದು, ರೈಲು, ಹೋಟೆಲು, ಮೊದಮೊದಲು ಅತ್ತದ್ದು, ಎಲ್ಲ ಹೇಳಿಬಿಡಿ. ನೀವು ಹೋಗದಿದ್ದರೇನು, ನಿಮ್ಮ ಕಥೆ ಹೋಗುತ್ತಲ್ಲ."

ಸೀಟು ಕಿತ್ತುಕೊಂಡದ್ದು ಸಾಲದು ಅಂತ ಈಗ ಬಾಯಿಗೂ ಕೈ ಹಾಕಿದ್ದರು. ಮೊದಲ ವರ್ಷ ಜಲಜಾಕ್ಷಿ ಸಮುದ್ರದ ದಂಡೆಗೆ ಹೋಗಿ, ಊರಿನ ಹಾಗೆ ಇಲ್ಲಿ ಸೂರ್ಯ ನೀರಿನಲ್ಲಿ ಮುಳುಗುವುದಿಲ್ಲ ಅಂತ ಅತ್ತಿದ್ದಳು. ಅದನ್ನು ಗಂಡನಿಗೂ ಹೇಳಿರಲಿಲ್ಲ. ಕ್ಯಾಂಡಿಯಲ್ಲಿ ಹೇಳಬೇಕು ಅಂತ ಇಟ್ಟುಕೊಂಡಿದ್ದಳು.

"ಕಥೆ ಹೋಗುವುದಾದರೆ ನನ್ನ ಕಾಲ ಮೇಲೆಯೇ ಹೋಗಬೇಕು ರಾಯರೇ. ಕೊಟ್ಟು ಕಳಿಸ್ಲಿಕ್ಕೆ ಅದೇನು ಉಪ್ಪಿನಕಾಯಿಯಾ?" ಎಂದು ಎದ್ದು ನಿಂತಳು.

ಜಯಲಕ್ಷ್ಮೀ ದೊಡ್ಡಪ್ಪನ ಮುಖ ನೋಡಿದಳು, ಇವಳ ಮುಖ ನೋಡಿದಳು. ಕನ್ನಡ ಅರ್ಥವಾಗುತ್ತಿದ್ದರೂ ಆ ಮನೆಯ ಮಕ್ಕಳ ಹಾಗೆ ತಮಿಳಿನಲ್ಲೇ ಕೇಳಿದಳು, ಪಾಪ, ನಿಜವಾಗಿಯೇ ಕೇಳಿದಳು: ಹಾಗಾದರೆ ಅಲ್ಲಿ ಹೋಗಿ ನಾನು ಏನು ಹೇಳಲಿ ಮಾಮಿ?

ಜಲಜಾಕ್ಷಿ ಚಪ್ಪಲಿ ಮೆಟ್ಟಿಕೊಂಡಳು. ಹುಡುಗಿಗೆ ಚೆನ್ನಾಗಿ ಅರ್ಥವಾಗಲಿ ಅಂತ ತಾನೂ ತಮಿಳಿನಲ್ಲೇ ಹೇಳಿದಳು.

"ನಿಜ ಹೇಳು ಮಗೂ. ಊರು ಬಿಟ್ಟು ಬಂದವಳೊಬ್ಬಳು ಇದ್ದಳು, ಅವಳ ಜಾಗದಲ್ಲಿ ನಾನು ಬಂದಿದ್ದೇನೆ ಅಂತ ಹೇಳು. ಯಾಕೆ ಅಂತ ಅವರು ಕೇಳುತ್ತಾರೆ. ಅದಕ್ಕೆ ಉತ್ತರ ನಿನ್ನ ದೊಡ್ಡಪ್ಪನ ಹತ್ತಿರ ಈಗಲೇ ಬರೆಸಿಕೋ."