ಮಂಟೇಸ್ವಾಮಿಯವರ ಕೈಯಲ್ಲಿ ಲಾಗರ್ ಹೆಪ್ಪು

ನಿವೃತ್ತರಾಗುವ ತನಕ ಸಾರಿಗೆ ಬಸ್ಸು ಓಡಿಸಿದ ಮಂಟೇಸ್ವಾಮಿ ಒಂದು ದಿನವೂ ಹೆಂಡ ಮುಟ್ಟಿದವರಲ್ಲ. ಸಿದ್ಧಾರ್ಥನಗರದ ಅವರ ಬೀದಿಯ ಮೂಲೆಯಲ್ಲಿ ಯಾರೋ ಬಾರ್ ತೆರೆಯಲು ಹೊರಟಾಗ ಧರಣಿಗೆ ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕೂತವರೂ ಅವರೇ. ಅಂಥವರ ಅಡುಗೆಮನೆಯಲ್ಲೇ ಸೊಸೆ ಪ್ರೀತಿ ಬಿಯರ್ ಮಾಡಲು ಶುರುಮಾಡಿದಳು. ಮಗ ಶಿವರಾಮು ಅವಳ ಕಡೆಗೇ ನಿಂತ.

ಮೊದಮೊದಲು ಅವರು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಈ ಸಲ ಕಟ್ಟೆಯ ಮೇಲೆ ಗಾಜಿನ ಜಾಡಿಯೊಂದರೊಳಗೆ ನೀರು ತನ್ನಷ್ಟಕ್ಕೆ ತಾನೇ ಸುಳಿ ಸುತ್ತುತ್ತಿತ್ತು. ಕೆಳಗೆ ಹಳೇ ಕಂಪ್ಯೂಟರಿನ ಫ್ಯಾನು, ಅದಕ್ಕೆ ಅಂಟಿಸಿದ ಅಯಸ್ಕಾಂತ. ಜಾಡಿಯೊಳಗೆ ಅದರ ಜೊತೆಗೇ ತಿರುಗುವ ಇನ್ನೊಂದು ಪುಟ್ಟ ಅಯಸ್ಕಾಂತ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟೇ ಬದುಕಿದ ಮನುಷ್ಯ ಎಷ್ಟು ಹೊತ್ತು ಸುಮ್ಮನಿದ್ದಾರು?

"ಏನಮ್ಮ ಇದು, ಇಂಗೆ ತಿರುಗ್ತಾ ಐತೆ?"

"ಯೀಸ್ಟ್ ಮಾವ. ಬಾರ್ಲಿ ಮಾಲ್ಟ್ ಬೇಯ್ಸಿ ಆರ್ಸಿದ ನೀರಲ್ಲಿ ಬಿಟ್ಟಿದೀನಿ. ತಿರುಗ್ತಿದ್ರೆ ತಳಕ್ಕಿಳೀದೆ ಬೇಗ ಬೆಳೆಯುತ್ತೆ. ಮೊಸರಿಗೆ ಹೆಪ್ಪು ಇದ್ದಂಗೆ, ಬಿಯರ್‌ಗೆ ಇದು."

"ಹೆಪ್ಪು ಅಂದ್ರೆ ಒಂದು ಚಮಚ ಸಾಕಲ್ವಾ?"

"ನಾನ್ ಮಾಡ್ತಿರೋದು ಲಾಗರ್ ಅನ್ನೋ ಬಿಯರ್. ತಣ್ಣಗೆ ಫ್ರಿಜ್ಜಲ್ಲೇ ಹುದುಗ್ಬೇಕು. ಚಳೀಲಿ ಯೀಸ್ಟ್ ನಿಧಾನ ಆಗ್ಬುಡುತ್ತೆ, ಅದಕ್ಕೇ ಮೊದ್ಲೇ ದೊಡ್ಡ ಸೈನ್ಯ ಕಟ್ಬೇಕು. ಇದು ಬೆಳೆದ್ಮೇಲೆ ದೊಡ್ಡ ಜಾಡಿಗೆ ಹಾಕಿ ಇನ್ನಷ್ಟು ಬೆಳೆಸೋದು."

ಮಂಟೇಸ್ವಾಮಿ ‘ಹೂಂ’ ಎಂದು ಹೊರಟರು. ಆದರೆ ಕಾಫಿ ಲೋಟ ಇಡುವ ನೆಪ, ನೀರು ಕುಡಿಯುವ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿ ಹೋಗಿ ಬಂದರು. ತಿಳಿಯಾಗಿದ್ದದ್ದು ಮಜ್ಜಿಗೆಯಂತೆ ಮಂದವಾಗುತ್ತ, ಮೇಲೆ ನೊರೆ ಕಟ್ಟುತ್ತ ಬಂತು.

ದೊಡ್ಡ ಜಾಡಿಗೆ ಬದಲಾಯಿಸಿದ ಮರುದಿನ ಪ್ರೀತಿ ಮೇಟಗಳ್ಳಿಯ ಫ್ಯಾಕ್ಟರಿಗೂ ಶಿವರಾಮು ಅಂಗಡಿಗೂ ಹೊರಟರು. ಅವರು ಬೀದಿ ದಾಟುವಷ್ಟರಲ್ಲಿ ಕರೆಂಟು ಹೋಯಿತು. ಸುಳಿ ನಿಂತು ಯೀಸ್ಟ್ ತಳಕ್ಕಿಳಿಯತೊಡಗಿತು. ಹೆಪ್ಪು ಸತ್ತೇಹೋಗುತ್ತದೇನೋ ಎಂದು ಮಂಟೇಸ್ವಾಮಿ ಸೊಸೆಗೆ ಫೋನ್ ಮಾಡಿದರು.

"ಸಾಯಲ್ಲ ಬುಡಿ ಮಾವ," ಪ್ರೀತಿ ನಕ್ಕಳು. "ಆಗಾಗ ಜಾಡಿ ಎತ್ತಿ ಕುಲುಕಿ, ಸಾಕು. ಬಾಯಿಗೆ ಮುಚ್ಚಿರೋ ಫಾಯಿಲ್ ಮಾತ್ರ ತೆಗೀಬೇಡಿ."

ಆಗಾಗ ಅಂದರೆ ಎಷ್ಟು ಹೊತ್ತಿಗೊಮ್ಮೆ ಎಂದು ಕೇಳುವುದು ಮರೆತುಹೋಯಿತು. ಹಾಗಾಗಿ ಅವರು ಜಾಡಿಯನ್ನು ಕೆಳಗಿಡಲೇ ಇಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಮಡಿಲಲ್ಲಿಟ್ಟು ತಿರುಗಿಸುತ್ತ ಕೂತಿರುವಾಗ ಪಕ್ಕದ ಮನೆಯ ಗಿರಿಜಾಂಬಾ ಬಂದರು. ಬಾರ್ ವಿರುದ್ಧ ಬೀದಿಯ ಹೆಂಗಸರನ್ನೆಲ್ಲ ಕೂಡಿಸಿದವರು ಈಕೆಯೇ.

"ಏನ್ರೀ ಅದು, ಕಷಾಯವಾ?"

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಂಟೇಸ್ವಾಮಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಬಿಯರ್‌ಗೆ ಹೆಪ್ಪು ಕಣ್ರೀ. ನಮ್ ಸೊಸೇದು."

ಗಿರಿಜಾಂಬಾ ಅವರ ಹುಬ್ಬು ಮೇಲೇರಿತು. "ಬಾರ್ ಮುಂದೆ ಘೋಷಣೆ ಕೂಗಿದೋರು ನೀವೇ ಅಲ್ವಾ?"

"ನಾನೇ. ಬೀದೀಲಿ ಬಾರ್ ಬ್ಯಾಡ ಅಂತ ಈಗ್ಲೂ ಅಂತೀನಿ. ನಾನಂತೂ ಕುಡಿಯಾಕಿಲ್ಲ. ಆದ್ರೆ ಆ ಹುಡುಗಿ ಅಷ್ಟು ಆಸೆಪಟ್ಟು ಬೆಳೆಸಿರೋದು ನನ್ ಕಣ್ಮುಂದೆ ಹಾಳಾಗ್ಲಿ ಅಂತ ಎಂಗ್ರೀ ಬುಡ್ಲಿ?"

ಆಕೆ ಸೆರಗು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ.

"ಕೊಡಿ ಇತ್ಲಾಗೆ, ಕೈ ಸೋತಿರ್ಬೇಕು ನಿಮ್ಗೆ. ಹೋಗಿ ಕಾಫಿ ಮಾಡ್ಕೊಂಡ್ ಬನ್ನಿ."

ಕರೆಂಟು ಬರುವವರೆಗೂ ಇಬ್ಬರೂ ಸರದಿಯ ಮೇಲೆ ಕುಲುಕಿದರು.

ಆ ಲಾಗರ್ ವಾರಗಟ್ಟಲೆ ಫ್ರಿಜ್ಜಿನಲ್ಲಿ ಮಲಗಿ, ಕೊನೆಗೊಂದು ಭಾನುವಾರ ಹೊಂಬಣ್ಣದಲ್ಲಿ ಲೋಟಕ್ಕಿಳಿಯಿತು. ಶಿವರಾಮು ಒಂದು ಗುಟುಕು ಕುಡಿದು ಕಣ್ಣರಳಿಸಿದ. "ಎಲ್ಲಾ ಮಾವನ ಕೈಗುಣ," ಎಂದಳು ಪ್ರೀತಿ. ಮಂಟೇಸ್ವಾಮಿ ಅವಳ ಲೋಟ ತೆಗೆದುಕೊಂಡು ಮೂಸಿದರು. ಬೇಕರಿಯ ಮುಂದೆ ನಿಂತಂಗೈತೆ ಎಂದು ವಾಪಸು ಕೊಟ್ಟು, ಹುರಿದ ಕಡಲೆಕಾಯಿಗೆ ಕೈ ಹಾಕಿದರು.

"ತಳದ ಯೀಸ್ಟ್ ಎತ್ತಿಟ್ಟಿದೀಯ ತಾನೇ?" ಎಂದು ಕೇಳಿದರು. "ಮುಂದಿನ ಹೆಪ್ಪು ನಾನೇ ಹಾಕ್ತೀನಿ ಕಣಮ್ಮ. ನೀನು ಪಕ್ಕದಲ್ಲಿ ನಿಂತು ಹೇಳ್ಕೊಡು, ಸಾಕು."