ಎಣ್ಣೆ ಬಟ್ಟೆಯ ಮಿಷನ್ ಖಾಲಿ

ಭಾನುವಾರ ಬೆಳಿಗ್ಗೆ ಬಟ್ಟೆ ಗಂಟು ಹೊತ್ತು ಲಾಂಡ್ರಿಯೊಳಗೆ ಕಾಲಿಟ್ಟ ಆರ್ಡಿತ್‌ಗೆ ಮೊದಲು ಸಮಾಧಾನವೇ ಆಯಿತು. ಸದ್ಯ, ಇವತ್ತು ಕಾಯಬೇಕಾಗಿಲ್ಲ.

ಪಶ್ಚಿಮ ಟೆಕ್ಸಸ್‌ನ ಈ ಊರಿನಲ್ಲಿ ಎಣ್ಣೆ ಬಾವಿಯಲ್ಲಿ ದುಡಿಯುವವರ ಬಟ್ಟೆಗೆ ಬೇರೆಯೇ ಮಿಷನ್. ಕಾಸು ಹಾಕಿ ತಾವೇ ಬಟ್ಟೆ ಒಗೆದುಕೊಳ್ಳುವ ಈ ಲಾಂಡ್ರಿಯ ಹಿಂದಿನ ಗೋಡೆಗೆ ಅಂಥವು ಎರಡಿವೆ. ಆ ಬಟ್ಟೆಯನ್ನು ಮರೆತು ಮುಂದಿನ ಸಾಲಿನ ಮಾಮೂಲಿ ಮಿಷನ್‌ಗೆ ಹಾಕಿದಿರೋ, ನಿಮ್ಮ ನಂತರ ಬಂದವರ ಬಿಳಿ ಅಂಗಿ ಹಾಳಾಯಿತು, ಬೈಗುಳ ನಿಮಗೆ ಗ್ಯಾರಂಟಿ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಆರ್ಡಿತ್ ಆ ಎರಡು ಮಿಷನ್‌ಗಳ ಮುಂದೆ ಸರತಿಯ ಚೀಟಿ ಹಿಡಿದು ಒಂದೂವರೆ ಗಂಟೆ ಕೂತಿದ್ದಾಳೆ. ಇವತ್ತು ಎರಡೂ ಖಾಲಿ. ಅಷ್ಟೇ ಅಲ್ಲ, ಲಾಂಡ್ರಿಯ ಒಡತಿ ಒಫೀಲಿಯಾ ಅವುಗಳಲ್ಲಿ ಒಂದಕ್ಕೆ ತನ್ನ ಮನೆಯ ಕಂಬಳಿ ತುಂಬುತ್ತಿದ್ದಳು.

"ಎಲ್ರೂ ಎಲ್ಲಿಗೆ ಹೋದ್ರು? ಚರ್ಚ್‌ಗಾ?" ಎಂದಳು ಆರ್ಡಿತ್.

"ಈ ಜನ ಚರ್ಚ್‌ಗೆ ಹೋಗೋ ಹಾಗಿದ್ರೆ ಊರು ಯಾವತ್ತೋ ಉದ್ಧಾರ ಆಗ್ತಿತ್ತು," ಎಂದು ಒಫೀಲಿಯಾ ನಕ್ಕಳು. ಆಕೆಗೆ ಎಪ್ಪತ್ತು ದಾಟಿದೆ, ನಗು ಬೇಗ ನಿಲ್ಲುತ್ತದೆ. "ಮೂರು ವಾರದಿಂದ ಬಟ್ಟೆ ಕಮ್ಮಿ ಆಗ್ತಾನೇ ಬಂತು ಮಗಳೇ. ಇವತ್ತು ನೋಡು, ನನ್ನ ಮಿಷನ್ ಹಿಂಗೆ ಬಾಯ್ ಬಿಟ್ಕೊಂಡು ಕೂತಿದೆ."

"ಒಳ್ಳೇದೇ ಆಯ್ತಲ್ಲ, ನನ್ ಕೆಲಸ ಬೇಗ ಮುಗೀತು."

"ನಿಂದು ಮುಗೀತು, ಸರಿ. ಮನೆ ವಿಷಯ ಏನಾಯ್ತು?"

ಆರ್ಡಿತ್ ಮುಖ ಅರಳಿತು. "ಶುಕ್ರವಾರ ರುಜು. ಊರಾಚೆ ಹೊಸ ಬೀದಿಲಿ, ಮೂಲೆ ಮನೆ. ನಾಲ್ಕು ರೂಮು. ಸ್ನಾನದ ತೊಟ್ಟಿ ಇದೆ ಅಮ್ಮ, ಕಾಲು ಚಾಚಿ ಮಲಗೋ ಅಂಥದ್ದು."

ಒಫೀಲಿಯಾ ಕಂಬಳಿಯನ್ನು ಒಳಗೆ ಒತ್ತಿ ಬಾಗಿಲು ಹಾಕಿದಳು. "ಕಂತು ಹೆಂಗ್ ಕಟ್ತೀರಿ? ನಿನ್ ಗಂಡ ಕ್ಲಿಫ್ಟನ್ ಮೂಲ ಸಂಬಳದಲ್ಲಾ, ಹೆಚ್ಚಿನ ಗಂಟೆಯ ಓಟಿ ದುಡ್ಡು ಸೇರಿಸ್ಕೊಂಡಾ?"

"ಓಟಿ ಸೇರಿಸ್ಕೊಂಡೇ, ಇನ್ನೇನು? ಅವ್ನು ವಾರಕ್ಕೆ ಎಂಬತ್ತು ಗಂಟೆ ದುಡೀತಾನೆ."

"ದುಡೀತಿದ್ದ," ಎಂದಳು ಒಫೀಲಿಯಾ. "ನೋಡು, ಬಾವಿ ಕೊರೆಯೋ ಕೆಲಸ ಕಮ್ಮಿ ಆದ್ರೆ ಮೊದ್ಲು ಗೊತ್ತಾಗೋದು ನಂಗೆ. ಬಟ್ಟೆ ಬರಲ್ಲ. ಪೇಪರ್‌ನೋರಿಗೆ ಗೊತ್ತಾಗೋದು ಆಮೇಲೆ. ಮನೆ ಮಾರೋರಿಗೆ ಎಲ್ಲಾರ್ಗಿಂತ ಕೊನೇಲಿ. ಗೊತ್ತಾದ್ರೂ ಹೇಳ್ತಾರಾ?"

ಆರ್ಡಿತ್‌ಗೆ ರೇಗಿತು. ಮುದುಕಿಗೆ ಹೊಟ್ಟೆಕಿಚ್ಚು ಅಂದುಕೊಂಡಳು. ಬಟ್ಟೆ ಒಣಗುವವರೆಗೂ ಆ ಎರಡು ಮಿಷನ್‌ಗಳ ಕಡೆ ತಿರುಗಿ ನೋಡಲಿಲ್ಲ.

ಅವಳ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ನಾಲ್ಕು ವರ್ಷದಿಂದ ಗಂಡ ಹೆಂಡತಿ ಹೆದ್ದಾರಿ ಬದಿಯ ಬಾಡಿಗೆ ಟ್ರೇಲರ್‌ನಲ್ಲಿದ್ದಾರೆ. ಅದು ಚಕ್ರದ ಮೇಲಿನ ಡಬ್ಬಿ ಮನೆ. ಮರಳಿನ ಲಾರಿ ಹೋದರೆ ಅಡುಗೆಮನೆಯ ತಟ್ಟೆಗಳು ನಡುಗುತ್ತವೆ. ಸ್ನಾನಕ್ಕೆ ನಿಂತರೆ ಮೊಣಕೈ ಗೋಡೆಗೆ ತಾಗುತ್ತದೆ. ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ನಿಂತು ಕಾಲು ಊದಿಸಿಕೊಂಡು ಬರುವ ಹೆಂಗಸು ಒಂದು ತೊಟ್ಟಿ ಬೇಕು ಅಂದರೆ ಅದು ದುರಾಸೆಯಲ್ಲ. ಆರ್ಡಿತ್‌ಗೆ ಸುಸ್ತಾಗಿತ್ತು, ಅಷ್ಟೇ. ಎದ್ದರೂ ಸುಸ್ತು, ಕೂತರೂ ಸುಸ್ತು.

ಸಂಜೆ ಬೀನ್ಸ್ ಕಾಳು ಬೇಯಿಸುತ್ತಾ ಅವಳು ಗಂಡನಿಗೆ ಈ ಮಾತು ಹೇಳಿದಳು. ಹೇಳಬಾರದು ಅಂದುಕೊಂಡೇ ಹೇಳಿದಳು.

ಕ್ಲಿಫ್ಟನ್ ಗಟ್ಟಿಯಾಗಿ ನಕ್ಕ. "ಬಟ್ಟೆ ಒಗೆಯೋ ಮಿಷನ್ ನೋಡಿ ಎಣ್ಣೆ ಬೆಲೆ ಹೇಳ್ತಾಳಾ? ಹಾಗಾದ್ರೆ ಕಂಪನಿನೋರು ಅವಳನ್ನೇ ಸಾಹೇಬ್ರ ಕುರ್ಚಿ ಮೇಲೆ ಕೂರಿಸ್ಲಿ! ಈ ಜಿಲ್ಲೇಲಿ ಮನೆ ಬೆಲೆ ಹೋದ ವರ್ಷದಿಂದ ಏರ್ತಾನೇ ಇದೆ. ಈಗ ಬಿಟ್ರೆ ಮುಂದಿನ ವರ್ಷ ನಮ್ ಕೈಗೆ ಸಿಗಲ್ಲ. ಗಾಳಿ ಬಂದಾಗ ತೂರ್ಕೋಬೇಕು ಕಣೇ."

ಮಾತು ದೊಡ್ಡದಾಗಿತ್ತು. ಆದರೆ ಅವನು ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೆ ಬಿಟ್ಟು ಎದ್ದ. ಮರುದಿನ ಸಂಜೆ ಕೆಲಸ ಮುಗಿಸಿ ಬಂದವನೇ, "ನಡಿ, ಆ ನಿನ್ ಒಫೀಲಿಯಾನ ನಾನೇ ಕೇಳ್ತೀನಿ," ಎಂದು ಆರ್ಡಿತ್‌ಳನ್ನು ಗಾಡಿ ಹತ್ತಿಸಿಕೊಂಡ.

ಲಾಂಡ್ರಿಯಲ್ಲಿ ಒಫೀಲಿಯಾ ಇಬ್ಬರಿಗೂ ಐಸ್ ಹಾಕಿದ ತಣ್ಣನೆಯ ಚಹಾ ಕೊಟ್ಟಳು. ಕ್ಲಿಫ್ಟನ್ ಗಾಳಿಯ ಮಾತನ್ನೇ ಇನ್ನೊಮ್ಮೆ ಒಪ್ಪಿಸಿದ.

"ತೂರ್ಕೋ ಮಗಾ, ಬೇಡ ಅಂದೋರ್ಯಾರು?" ಎಂದಳು ಒಫೀಲಿಯಾ. "ಗಾಳಿ ಇರೋವಾಗ ತೂರಿ ಕಾಳು ಚೀಲಕ್ಕೆ ತುಂಬ್ಕೋ. ಮೂವತ್ತು ವರ್ಷ ಹಿಂಗೇ ಬೀಸ್ತೀನಿ ಅಂತ ಗಾಳಿ ನಿಂಗೆ ಬರ್ದು ಕೊಟ್ಟಿದ್ಯಾ? ಮನೆ ಸಾಲ ಮೂವತ್ತು ವರ್ಷದ್ದು."

"ಅಮ್ಮ, ಬೆಲೆ ಏರ್ತಿದೆ. ಕಷ್ಟ ಬಂದ್ರೆ ಮಾರಿದ್ರಾಯ್ತು."

"ಯಾರಿಗೆ ಮಾರ್ತೀಯಾ? ಇಲ್ಲಿ ಕೊಳ್ಳೋನೂ ಬಾವಿ ಕೆಲಸದೋನೇ, ಮಾರೋನೂ ಬಾವಿ ಕೆಲಸದೋನೇ. ನಿನ್ ಕೆಲಸ ಹೋದ ದಿನವೇ ಅವ್ನದ್ದೂ ಹೋಗಿರತ್ತೆ." ಒಫೀಲಿಯಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನಂಗೂ ಒಂದು ಮನೆ ಇತ್ತು. ನನ್ ಗಂಡನೂ ನಿನ್ ಹಾಗೇ ಕೊರೆಯೋ ಗ್ಯಾಂಗಲ್ಲಿದ್ದ. ಎಂಬತ್ತೆರಡನೇ ಇಸವಿಲಿ ತಗೊಂಡ್ವಿ. ಎಂಬತ್ತಾರರಲ್ಲಿ ಎಣ್ಣೆ ಬೆಲೆ ಬಿತ್ತು. ನಮ್ ಬೀದಿಲಿ ಹನ್ನೊಂದು ಮನೆ. ಒಂಬತ್ತರ ಮುಂದೆ 'ಮಾರಾಟಕ್ಕಿದೆ' ಬೋರ್ಡು. ಒಂದೇ ಒಂದು ಕಾರು ನಿಲ್ಸಿ ಬೆಲೆ ಕೇಳ್ಲಿಲ್ಲ. ಕಂತು ಕಟ್ಟೋಕಾಗ್ದೆ ಬಿಟ್ಟು ಹೋಗೋ ದಿನ ನಾನು ನೆಲ ಒರೆಸ್ದೆ. ಒಂದ್ಸಲ ಅಲ್ಲ, ಎರಡು ಸಲ. ಬ್ಯಾಂಕ್‌ನೋರು ಬರ್ತಾರಲ್ಲ, ಇವಳು ಕೊಳಕು ಹೆಂಗಸು ಅಂದ್ಕೋಬಾರ್ದು ಅಂತ. ಕೀ ಅಡುಗೆಮನೆ ಕಟ್ಟೆ ಮೇಲಿಟ್ಟು ಬಂದೆ."

ಆಮೇಲೆ ಕ್ಲಿಫ್ಟನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಶನಿವಾರದ ಕೆಲಸ ನಿಲ್ಸಿದ್ದಾರೆ," ಎಂದ. "ಎರಡು ವಾರ ಆಯ್ತು."

ಆರ್ಡಿತ್ ಅವನತ್ತ ತಿರುಗಿದಳು. "ಮತ್ತೆ ಎರಡು ಶನಿವಾರ ಎಲ್ಲಿಗ್ ಹೋಗಿದ್ದೆ?"

"ನಮ್ ಗ್ಯಾಂಗಿನ ರಾಯ್ಸ್ ಮನೇಲಿ ಕೂತಿದ್ದೆ. ನೀನು ಹೊಸ ಮನೆಗೆ ಅಂತ ಪರದೆ ಬಟ್ಟೆ ತಂದಿಟ್ಟಿದ್ದೆಯಲ್ಲ. ಹೆಂಗ್ ಹೇಳ್ಲಿ?"

ಅವಳಿಗೆ ಸಿಟ್ಟು ಬರಬೇಕಿತ್ತು. ಅಳು ಬಂತು. ಖಾಲಿ ಮಿಷನ್ ಅವಳಿಗೂ ಕಂಡಿತ್ತು, ಅವಳೂ ಕಂಡೂ ಕಾಣದ ಹಾಗೆ ಕೂತಿದ್ದಳು. ಒಬ್ಬರಿಂದೊಬ್ಬರಿಗೆ ನೋವಾಗಬಾರದೆಂದು ಇಬ್ಬರೂ ಕಣ್ಣು ಮುಚ್ಚಿಕೊಂಡು ಒಂದೇ ಹಳ್ಳದ ಕಡೆ ನಡೆದಿದ್ದರು.

"ಹಾಗಾದ್ರೆ ನಮ್ಮಂಥೋರು ಸಾಯೋ ತನಕ ಡಬ್ಬಿಲೇ ಇರ್ಬೇಕಾ?" ಎಂದು ಕೇಳಿದಳು.

"ಇಲ್ಲ ಮಗಳೇ. ಮನೆ ತಗೊಳ್ಳಿ. ತಗೊಳ್ಳೋ ಮುಂಚೆ ಮೂರು ತಿಂಗಳು ಓಟಿ ಮುಟ್ಟದೆ, ವಾರಕ್ಕೆ ನಲವತ್ತು ಗಂಟೆ ಸಂಬಳದಲ್ಲೇ ಬದುಕಿ ನೋಡಿ. ಮನೆ ಕಂತು ಎಷ್ಟಾಗತ್ತೋ ಅಷ್ಟನ್ನ ಅದರಲ್ಲೇ ಎತ್ತಿಡಿ, ಈಗಲೇ ಕಟ್ತಿದ್ದೀರಿ ಅನ್ನೋ ಹಾಗೆ. ಓಟಿ ಬಂದ್ರೆ ಅದೂ ಬ್ಯಾಂಕಲ್ಲೇ ಇರ್ಲಿ. ಮೂರು ತಿಂಗಳು ಆದ್ಮೇಲೂ ಉಸಿರು ಆಡ್ತಿದ್ರೆ ಆ ಮನೆ ನಿಮ್ದು. ಆಡ್ಲಿಲ್ಲ ಅಂದ್ರೆ ಇನ್ನೂ ಚಿಕ್ಕ ಮನೆ ನೋಡಿ."

ಶುಕ್ರವಾರ ಅವರು ರುಜು ಹಾಕಲು ಹೋಗಲಿಲ್ಲ. ಬೆಲೆ ಏರುತ್ತದೆಂದು ನಂಬಿ ಅದೇ ತಿಂಗಳು ಆ ಮೂಲೆ ಮನೆಯನ್ನು ರಾಯ್ಸ್ ಕೊಂಡ. ಆರ್ಡಿತ್ ಪರದೆ ಬಟ್ಟೆಯನ್ನು ಮಂಚದ ಕೆಳಗೆ ತಳ್ಳಿ, ಒಫೀಲಿಯಾಳ ಜೊತೆ ಹದಿನೈದು ದಿನ ಮಾತು ಬಿಟ್ಟಳು. ನಲವತ್ತು ಗಂಟೆಯ ಸಂಬಳದಲ್ಲಿ ಬದುಕುವುದು ಸುಲಭವಿರಲಿಲ್ಲ. ನಾಲ್ಕು ರೂಮಿನ ಕಂತಿನಷ್ಟು ಎತ್ತಿಟ್ಟರೆ ತಿಂಗಳ ಕೊನೆಯ ವಾರ ಬರೀ ಬೀನ್ಸ್ ಕಾಳು, ಟೋರ್ಟಿಯಾ ರೊಟ್ಟಿ. ಮೊದಲ ತಿಂಗಳೇ ಲೆಕ್ಕ ತಪ್ಪಿತು, ಎರಡನೇ ತಿಂಗಳೂ ತಪ್ಪಿತು. ಆ ಮನೆ ತಮ್ಮದಾಗುವಂಥದ್ದಲ್ಲವೆಂದು ಹೊಟ್ಟೆಗೇ ತಿಳಿಯಿತು.

ಚಳಿಗಾಲದ ಹೊತ್ತಿಗೆ ಊರಾಚೆಯ ಕಂಪನಿ ಬಯಲಿನಲ್ಲಿ ಕೊರೆಯುವ ಯಂತ್ರಗಳು ಸಾಲಾಗಿ ಕೆಲಸವಿಲ್ಲದೆ ನಿಂತವು. ಕ್ಲಿಫ್ಟನ್‌ನ ಗ್ಯಾಂಗು ಅರ್ಧವಾಯಿತು. ಅವನ ಕೆಲಸ ಉಳಿಯಿತು, ವಾರಕ್ಕೆ ಸರಿಯಾಗಿ ನಲವತ್ತು ಗಂಟೆ. ರಾಯ್ಸ್‌ನದು ಹೋಯಿತು. ಹೊಸ ಬೀದಿಯಲ್ಲಿ 'ಮಾರಾಟಕ್ಕಿದೆ' ಬೋರ್ಡುಗಳು ಎದ್ದವು. ರಾಯ್ಸ್ ತನ್ನ ಮನೆ ಮಾರಿದರೂ ಸಾಲ ತೀರುವಂತಿರಲಿಲ್ಲ, ಮತ್ತು ಮಾರೋಣವೆಂದರೆ ಕೊಳ್ಳುವವರೂ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಶನಿವಾರ, ಬ್ಯಾಂಕಿಗೆ ಬಿಟ್ಟುಕೊಟ್ಟ ಮೂಲೆ ಮನೆಯ ಮುಂದೆ ಕ್ಲಿಫ್ಟನ್, ರಾಯ್ಸ್ ಸೇರಿ ಫ್ರಿಜ್ಜನ್ನು ಬಾಡಿಗೆ ಲಾರಿಗೆ ಏರಿಸುತ್ತಿದ್ದರು. ಆರ್ಡಿತ್ ಒಳಗೆ ಹೋದಳು. ರೂಮುಗಳೆಲ್ಲ ಬರಿದಾಗಿದ್ದವು. ರಾಯ್ಸ್‌ನ ಹೆಂಡತಿ ಜನೆಲ್ ಬಕೆಟ್ ಇಟ್ಟುಕೊಂಡು ನೆಲ ಒರೆಸುತ್ತಿದ್ದಳು.

"ಬಿಡೇ, ಹೋಗೋ ಮನೆಗ್ಯಾಕೆ?" ಎಂದಳು ಆರ್ಡಿತ್.

"ಬ್ಯಾಂಕ್‌ನೋರು ಬರ್ತಾರಲ್ಲ," ಎಂದಳು ಜನೆಲ್. "ಏನಂದ್ಕೊಂಡಾರು?"

ಆರ್ಡಿತ್ ಇನ್ನೊಂದು ಬಟ್ಟೆ ತಗೊಂಡು ಬಚ್ಚಲಿಗೆ ಹೋದಳು. ತೊಟ್ಟಿ ಅವಳು ಹೇಳಿದ ಹಾಗೇ ಇತ್ತು, ಕಾಲು ಚಾಚಿ ಮಲಗುವಷ್ಟು. ಮಂಡಿಯೂರಿ ಕೂತು ಅದನ್ನು ಅಂಚಿನಿಂದ ಅಂಚಿಗೆ ಉಜ್ಜಿದಳು. ಜನೆಲ್ ಜಾಗದಲ್ಲಿ ನಾನಿರುತ್ತಿದ್ದೆ ಎಂಬ ಭಯ, ನಾನಿಲ್ಲ ಎಂಬ ನೆಮ್ಮದಿ, ಆ ನೆಮ್ಮದಿಗೆ ನಾಚಿಕೆ, ಎಲ್ಲವೂ ಒಟ್ಟಿಗೆ ಬಂದವು. ಮುಗಿದ ಮೇಲೆ ಇಬ್ಬರೂ ಹೆಂಗಸರು ಕೀಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಾಗಿಲು ಎಳೆದುಕೊಂಡರು.

ಆರ್ಡಿತ್, ಕ್ಲಿಫ್ಟನ್ ಇನ್ನೂ ಟ್ರೇಲರ್‌ನಲ್ಲೇ ಇದ್ದಾರೆ. ಲಾಂಡ್ರಿಯ ಹಿಂದಿನ ಹಳೆ ಬೀದಿಯಲ್ಲಿ ಎರಡು ರೂಮಿನ ಮನೆಯೊಂದನ್ನು ನೋಡಿದ್ದಾರೆ. ಅದರ ಕಂತನ್ನು ಎತ್ತಿಡಲು ಶುರುಮಾಡಿ ಇದು ಎರಡನೇ ತಿಂಗಳು, ಲೆಕ್ಕ ಇನ್ನೂ ತಪ್ಪಿಲ್ಲ. ತೊಟ್ಟಿ ಚಿಕ್ಕದು, ಮೊಣಕಾಲು ಮಡಚಿ ಕೂರಬೇಕು. ಪರದೆ ಬಟ್ಟೆ ಮಾತ್ರ ಅಲ್ಲಿನ ಕಿಟಕಿಗೆ ಸರಿಯಾಗುತ್ತದೆ, ಆರ್ಡಿತ್ ಅಳತೆ ತೆಗೆದುಕೊಂಡು ಬಂದಿದ್ದಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನೀವೂ ಮನೆಯ ಕಾಗದಕ್ಕೆ ರುಜು ಹಾಕಲು ಹೊರಟಿದ್ದೀರಾ? ಒಂದು ನಿಮಿಷ ಕೂತುಕೊಳ್ಳಿ. ನಿಮ್ಮ ಒಳ್ಳೆಯ ತಿಂಗಳ ಸಂಬಳದ ಚೀಟಿ ಬದಿಗಿಡಿ, ಎಲ್ಲಕ್ಕಿಂತ ಕೆಟ್ಟ ತಿಂಗಳದ್ದನ್ನು ಹುಡುಕಿ ತೆಗೆಯಿರಿ. ಮೂರು ತಿಂಗಳು ಅದರಲ್ಲೇ ಬದುಕಿ, ಅದರಲ್ಲೇ ಕಂತು ಎತ್ತಿಟ್ಟು ನೋಡಿ. ಗಂಡನಿಗೆ ಗೊತ್ತಿರುವುದು ಹೆಂಡತಿಗೂ, ಹೆಂಡತಿಗೆ ಕಂಡಿದ್ದು ಗಂಡನಿಗೂ ಗೊತ್ತಿರಲಿ. ಬೆಲೆ ಏರುತ್ತಿದೆ ಎನ್ನುವವರ ಮಾತು ಕೇಳಿ, ಆದರೆ ಕೆಲಸ ಕಮ್ಮಿಯಾದರೆ ಮೊದಲು ತಿಳಿಯುವ ನಿಮ್ಮೂರಿನ ಲಾಂಡ್ರಿಯವರನ್ನೂ ಟೈರ್ ಅಂಗಡಿಯವರನ್ನೂ ಒಂದು ಮಾತು ಕೇಳಿ. ಕಾಯುವುದು ಬೇಸರದ ಕೆಲಸ, ನಮಗೂ ಗೊತ್ತು. ಆದರೂ ಕಾಯಿರಿ. ನೀವು ಒರೆಸುವ ನೆಲ ನಿಮ್ಮದೇ ಆಗಿರಲಿ.