ಕಾಯೋಣ ಅಂದವಳು

ಅವಳ ಅಪ್ಪ ಈಜು ಕಲಿಸುವ ಮೇಷ್ಟ್ರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಆದ ಮೇಲೆ ಡಾಕ್ಟರು ಎರಡು ದಾರಿ ಹೇಳಿದ್ದರು. ಈಗಲೇ ರೇಡಿಯೇಷನ್ ಕೊಡಿಸಬಹುದು. ಇಲ್ಲವೇ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾ ಕಾದು, ಕ್ಯಾನ್ಸರ್ ಮರಳುವ ಸುಳಿವು ಕೊಡುವ ಪಿಎಸ್ಎ ಅಂಶ ಏರಿದರೆ ಆಗ ಕೊಡಿಸಬಹುದು. ಅಪ್ಪ ಮಗಳ ಮುಖ ನೋಡಿದರು. "ಕಾಯೋಣ," ಎಂದಳು. ಆಪರೇಷನ್ನಿನಿಂದ ತಪ್ಪಿದ್ದ ಮೂತ್ರದ ಹಿಡಿತ ಅಪ್ಪನಿಗೆ ಮೊದಲು ಮರಳಲಿ ಎಂದೇ ಹೇಳಿದಳೆಂದು ಎಲ್ಲರೂ ತಿಳಿದರು. ನಿಜಕ್ಕೂ ಅವಳಿಗೆ ಆಸ್ಪತ್ರೆ ಸಾಕಾಗಿತ್ತು.

ಈಗ ಪಿಎಸ್ಎ ಏರಿತ್ತು. "ಕಾದಿದ್ದು ತಪ್ಪಲ್ಲ, ಸಮಯಕ್ಕೇ ಶುರು ಮಾಡ್ತಿದ್ದೀವಿ," ಎಂದು ಡಾಕ್ಟರು ಹೇಳಿದ್ದರೂ ಅವಳಿಗೆ ಸಮಾಧಾನವಿರಲಿಲ್ಲ. ರೇಡಿಯೇಷನ್ ಕೋಣೆಯ ಹೊರಗೆ ಅಪ್ಪ ಚಿಕಿತ್ಸೆಗೆ ಬೇಕಾದಂತೆ ಮೂತ್ರಕೋಶ ತುಂಬಿಸಿಕೊಳ್ಳಲು ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದರು.

"ಜೀವನಪೂರ್ತಿ ಮಕ್ಕಳಿಗೆ ಕೊಳದ ನೀರು ಕುಡೀಬೇಡಿ ಅಂತ ಬೈದೆ. ಈಗ ನನಗೇ ಕುಡಿಸ್ತಿದ್ದಾರೆ."

ಅವಳು ನಗಲಿಲ್ಲ. "ಅಪ್ಪಾ, ಅವತ್ತು ಕಾಯೋಣ ಅಂದಿದ್ದು ನಿಮಗೋಸ್ಕರ ಅಲ್ಲ. ನನಗೆ ಓಡಾಡಿ ಸಾಕಾಗಿತ್ತು."

"ಗೊತ್ತಮ್ಮ. ಆಪರೇಷನ್ ಹೊತ್ತಲ್ಲಿ ಇದೇ ಆಸ್ಪತ್ರೆ ಕುರ್ಚಿಗಳಲ್ಲಿ ಕೂತು ತೂಕಡಿಸ್ತಿದ್ದೆಯಲ್ಲ, ನಾನೇನು ಕುರುಡನಾ? ನನಗೂ ಸಾಕಾಗಿತ್ತು. ಕಾದಿದ್ದಕ್ಕೇ ನಡುವೆ ಮತ್ತೆ ಕೊಳಕ್ಕೆ ಇಳಿದೆ."

"ಏನಾದರೂ ಹೆಚ್ಚುಕಮ್ಮಿ ಆಗಿದ್ದರೆ?"

ಅಪ್ಪ ಇನ್ನೊಂದು ಗುಟುಕು ನೀರು ಕುಡಿದರು. "ಆಗ ಬೈತಿದ್ದೆ," ಎಂದರು.

ಒಳಗಿಂದ ಕರೆ ಬಂತು. ಅಪ್ಪ ಅವಳ ಭುಜಕ್ಕೆ ಕೈ ಊರಿ ಎದ್ದು, ತುಂಬಿದ ಹೊಟ್ಟೆಯಲ್ಲಿ ಹುಷಾರಾಗಿ ಹೆಜ್ಜೆಯಿಡುತ್ತಾ ಹೋದರು. ಬಾಗಿಲು ಮುಚ್ಚಿಕೊಂಡಿತು. ಅವರು ಮನ್ನಿಸಿದ್ದಾರೆಂದು ಅವಳಿಗೆ ಗೊತ್ತಾಯಿತು. ಅದರ ಬದಲು ಬೈದುಬಿಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸಿತು.